ನಾಲ್ಕನೆಯ ಕೊಳವೆ

ಭೀಮಸೇನ ಕಮ್ಮಾರರ ಎಡಗಾಲಿನ ಚಪ್ಪಲಿ ನಡೆಯುತ್ತ ನಡೆಯುತ್ತಲೇ ಕಳಚಿ ಹಿಂದೆ ಉಳಿಯಲು ಶುರುವಾದದ್ದು ಹೋದ ವರ್ಷದ ಮಳೆಗಾಲದಲ್ಲಿ. ಅವರಿಗೆ ಅದು ಗೊತ್ತಾಗುತ್ತಿರಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಹೆಂಡತಿ ಕಮಲಾಕ್ಷಿ ಹಿಂದಿನಿಂದ ಕರೆದು ಹೇಳಬೇಕಾಗುತ್ತಿತ್ತು. ಒಮ್ಮೆ ನಮ್ಮ ಮನೆಯ ಮೆಟ್ಟಿಲ ಮೇಲೆಯೇ ಹಾಗಾಯಿತು. ಶುಕ್ರವಾರದ ಭಜನೆ ಮುಗಿಸಿ ಇಬ್ಬರೂ ಇಳಿಯುತ್ತಿದ್ದರು.

"ರೀ, ನಿಮ್ಮ ಚಪ್ಪಲಿಗೆ ಇನ್ನೂ ಭಜನಿ ಮುಗಿದಿಲ್ಲ, ಮ್ಯಾಲೇ ಕುಂತೈತಿ" ಎಂದರು ಕಮಲಾಕ್ಷಿ.

ಭೀಮಸೇನರು ತಿರುಗಿ ಬಂದು, ಚಪ್ಪಲಿಗೆ ಕಾಲು ತೂರಿಸಿ, ಈ ವಡೋದರಾದ ಚಪ್ಪಲಿಗಳೇ ಹೀಗೆ, ಪಟ್ಟಿಯಲ್ಲಿ ಬಿಗಿ ಇರುವುದಿಲ್ಲ ಅಂದು ಇಳಿದು ಹೋದರು. ನಾವೆಲ್ಲ ನಕ್ಕೆವು.

ವಡೋದರಾದ ಗೋರ್ವಾ ಬಡಾವಣೆಯಲ್ಲಿ ನಾವು ಏಳೆಂಟು ಕನ್ನಡದ ಮನೆಯವರಿದ್ದೇವೆ. ಹೆಚ್ಚಿನವರು ಬ್ಯಾಂಕು, ವಿಮೆ, ರೈಲ್ವೆ ಅಂತ ವರ್ಗವಾಗಿ ಬಂದವರು, ಮತ್ತೆ ವರ್ಗವಾಗಿ ಹೋಗುವವರು. ಭೀಮಸೇನರು ಮಾತ್ರ ಹೋಗುವವರಲ್ಲ. ಗಜೇಂದ್ರಗಡದಿಂದ ಇಪ್ಪತ್ತೆರಡನೇ ವಯಸ್ಸಿಗೆ ಬಂದು ಮೂವತ್ನಾಲ್ಕು ವರ್ಷವಾಯಿತು. ಮಕರಪುರದ ಕೈಗಾರಿಕಾ ಎಸ್ಟೇಟಿನ ಹಿಂಬದಿಯಲ್ಲಿ, ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯ ಗೋಡೆಗೆ ತಾಗಿದಂತೆ, ತಗಡಿನ ಶೆಡ್ಡೊಂದರಲ್ಲಿ ಅವರ ಗ್ಯಾರೇಜು. ಮಗಳು ನಿಶ್ಚಿತಾ ಗಂಡನೊಂದಿಗೆ ಸೂರತ್ತಿನ ಹತ್ತಿರದ ಹಜೀರಾದ ಕಂಪನಿ ಕಾಲೊನಿಯಲ್ಲಿ ಇದ್ದಾಳೆ. ಅವಳ ಮಕ್ಕಳು ಅಜ್ಜನ ಜೊತೆ ಗುಜರಾತಿಯಲ್ಲೇ ಮಾತಾಡುತ್ತವೆ.

ಅವರ ಕೆಲಸ ಜೀಪುಗಳದ್ದು. ಮೊದಲು ಎಸ್ಟೇಟಿನ ಕಂಪನಿಗಳ ಜೀಪುಗಳು ಬರುತ್ತಿದ್ದವು. ಈಗೊಂದು ಹತ್ತು ವರ್ಷದಿಂದ ಬೇರೆ ತರಹದವರು ಬರುತ್ತಾರೆ. ಭಾನುವಾರ ಬಂದರೆ ಮಹೀ ನದಿಯ ಕೊರಕಲುಗಳಿಗೆ ಜೀಪು ಇಳಿಸುವವರು. ರಸ್ತೆ ಇಲ್ಲದ ಕಡೆಯೇ ಓಡಿಸಬೇಕು ಅಂತ ಗಾಡಿ ಇಟ್ಟುಕೊಂಡವರು. ನೀರು, ಕೆಸರು, ಕಡಿದಾದ ಮಣ್ಣಿನ ಏರು ಎಲ್ಲ ಹತ್ತಿ ಇಳಿದು, ಸೋಮವಾರ ಭೀಮಸೇನರ ಶೆಡ್ಡಿನ ಮುಂದೆ ತಂದು ನಿಲ್ಲಿಸುತ್ತಾರೆ. ಅವರಲ್ಲಿ ಒಬ್ಬಳು ವಿಂಧ್ಯಾ. ಹಾಸನದ ಕಡೆಯ ಹುಡುಗಿ, ಮಕರಪುರದ ಒಂದು ಕಂಪನಿಯಲ್ಲಿ ಇಂಜಿನಿಯರ್, ನಮ್ಮ ಹಿಂದಿನ ಬೀದಿಯಲ್ಲೇ ಫ್ಲ್ಯಾಟು ಬಾಡಿಗೆಗೆ ಹಿಡಿದಿದ್ದಾಳೆ. ಹರಾಜಿನಲ್ಲಿ ಕೊಂಡ ಹಳೆಯ ಪೆಟ್ರೋಲ್ ಜೀಪು ಅವಳದ್ದು. ಭೀಮಸೇನರನ್ನು ಕಾಕಾ ಅನ್ನುತ್ತಾಳೆ.

ನವೆಂಬರ್ ಕೊನೆಯ ಸೋಮವಾರ ಅವಳು ಜೀಪು ತಂದು ನಿಲ್ಲಿಸಿ, ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ ಅಂದಳು. ಹಿಂದಿನ ದಿನ ಹಳ್ಳವೊಂದನ್ನು ದಾಟಿದ ಮೇಲೆ ಶುರುವಾದದ್ದಂತೆ. ಏರಿನಲ್ಲಿ ಶಕ್ತಿ ಇಲ್ಲ, ನಿಂತಲ್ಲೇ ಗಡಗಡ ನಡುಗುತ್ತದೆ. ಮುಂದಿನ ಭಾನುವಾರ ಅವರ ಗುಂಪಿಗೆ ದೊಡ್ಡ ಸವಾರಿ ಇತ್ತು. ಸೂರತ್ತಿನಿಂದ, ಅಹಮದಾಬಾದಿನಿಂದ ಗಾಡಿಗಳು ಬರುವುದಿತ್ತು. ಅಷ್ಟರಲ್ಲಿ ಸರಿಯಾಗಬೇಕು ಅಂದಳು. ಭೀಮಸೇನರು ಬುಧವಾರ ಬಾ ಅಂದರು.

ಜೀಪಿನ ಇಂಜಿನ್ನಿಗೆ ನಾಲ್ಕು ಸಿಲಿಂಡರ್. ಒಂದೊಂದರೊಳಗೂ ಪೆಟ್ರೋಲ್ ಹೊತ್ತಿಕೊಂಡು ಗಾಡಿಗೆ ಬಲ ಬರುತ್ತದೆ. ನಾಲ್ಕರಲ್ಲಿ ಒಂದು ಹೊತ್ತದೆ ಸುಮ್ಮನಾದರೆ ಅದೇ ಮಿಸ್ಸಿಂಗ್. ಯಾವುದು ಸುಮ್ಮನಾಗಿದೆ ಅಂತ ಹುಡುಕುವುದು ಮೊದಲ ಕೆಲಸ. ಇದಕ್ಕೆ ಈಗ ನಾನಾ ಉಪಕರಣಗಳಿವೆ. ಭೀಮಸೇನರದು ಬೆರಳು. ನಾಲ್ಕು ಸಿಲಿಂಡರಿನಿಂದ ಹೊಗೆ ಹೊರಬರಲು ನಾಲ್ಕು ಕಬ್ಬಿಣದ ಕೊಳವೆಗಳಿರುತ್ತವೆ. ತಣ್ಣಗಿರುವ ಇಂಜಿನ್ ಚಾಲೂ ಮಾಡಿ ಒಂದು ನಿಮಿಷ ಬಿಟ್ಟು, ಬೆರಳು ಒದ್ದೆ ಮಾಡಿಕೊಂಡು ಕೊಳವೆಗಳನ್ನು ಒಂದೊಂದಾಗಿ ಕ್ಷಣಮಾತ್ರ ತಾಕಿಸಬೇಕು. ಉರಿಯುತ್ತಿರುವ ಸಿಲಿಂಡರಿನ ಕೊಳವೆ ಚುರ್ ಅನ್ನುತ್ತದೆ, ಬೆರಳು ತಾನೇ ಹಿಂದಕ್ಕೆ ಬರುತ್ತದೆ. ಇಂಜಿನ್ನಿನ ಸದ್ದಿನಲ್ಲಿ ಆ ಚುರ್ ಕಿವಿಗಿಂತ ಬೆರಳಿಗೇ ತಿಳಿಯುವುದು. ಸತ್ತ ಸಿಲಿಂಡರಿನದು ತಣ್ಣಗೆ ಇರುತ್ತದೆ. ಅಪ್ಪನ ಕುಲುಮೆಯಲ್ಲಿ ಬೆಳೆದವರಿಗೆ ಬಿಸಿ ಕಬ್ಬಿಣದ ಭಯ ಇರಲಿಲ್ಲ. ಈ ಮೂವತ್ನಾಲ್ಕು ವರ್ಷದಲ್ಲಿ ಆ ಬೆರಳು ಒಮ್ಮೆಯೂ ತಪ್ಪು ಹೇಳಿಲ್ಲ ಅಂತ ಎಸ್ಟೇಟಿನವರೇ ಹೇಳುತ್ತಾರೆ.

ಮಂಗಳವಾರ ಬೆಳಿಗ್ಗೆ ಅವರು ಹಾಗೆಯೇ ಮಾಡಿದರು. ಮೊದಲನೆಯ ಕೊಳವೆಗೆ ಬೆರಳಿಟ್ಟಾಗ ಏನೋ ಸ್ವಲ್ಪ ಬಿಸಿ ಅನ್ನಿಸಿತು. ಎರಡನೆಯದಕ್ಕೆ ಇಟ್ಟರು. ಏನೂ ಅನ್ನಿಸಲಿಲ್ಲ. ಇನ್ನೊಮ್ಮೆ ಇಟ್ಟರು, ಏನೂ ಇಲ್ಲ. ತಣ್ಣಗಿನದು ಸಿಕ್ಕಿದ ಮೇಲೆ ಮುಂದಿನವನ್ನು ಮುಟ್ಟುವ ಪದ್ಧತಿ ಅವರಿಗಿರಲಿಲ್ಲ. ಎರಡನೇದು ಸತ್ತಿದೆ ಅಂತ ತೀರ್ಮಾನವಾಯಿತು.

ಪೆಟ್ರೋಲಿಗೆ ಕಿಡಿ ಹಚ್ಚುವ ಪ್ಲಗ್ ಇರುತ್ತದಲ್ಲ, ಎರಡನೆಯದರ ಆ ಪ್ಲಗ್ ಬದಲಾಯಿಸಿದರು. ಅದಕ್ಕೆ ಬರುವ ವೈರು ಬದಲಾಯಿಸಿದರು. ಮಿಸ್ಸಿಂಗ್ ಹೋಗಲಿಲ್ಲ. ಪ್ಲಗ್ ತೆಗೆದು, ಆ ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಪಕ್ಕದ ಲೇತ್ ಅಂಗಡಿಯವನಿಗೆ ಕೀಲಿ ತಿರುಗಿಸಲು ಹೇಳಿದರು. ಸಿಲಿಂಡರಿನೊಳಗೆ ಒತ್ತಡ ಸರಿಯಾಗಿದ್ದರೆ ಗಾಳಿ ಹೆಬ್ಬೆರಳನ್ನು ತಳ್ಳಿ ಹಾರಿಸುತ್ತದೆ. ಅವರಿಗೆ ತಳ್ಳಿದ್ದು ಬಲವಾಗಿ ಅನ್ನಿಸಲಿಲ್ಲ. ಒಳಗೆ ವಾಲ್ವು ಸವೆದಿದೆ, ಒತ್ತಡ ಸೋರುತ್ತಿದೆ ಅಂದುಕೊಂಡರು. ಹಾಗಿದ್ದರೆ ಇಂಜಿನ್ನಿನ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಭಾರದ ಮುಚ್ಚಳ, ಬಿಚ್ಚಬೇಕು. ವಿಂಧ್ಯಾಗೆ ಫೋನ್ ಮಾಡಿ, ಬುಧವಾರ ಆಗುವುದಿಲ್ಲ, ಶನಿವಾರ ಅಂದರು. ಅವಳು ಹೂಂ ಅಂದಳು. ಕಾಕಾ ಹೇಳಿದ ಮೇಲೆ ಮುಗಿಯಿತು, ಅವಳು ಏಕೆ ಅಂತ ಕೇಳುವವಳಲ್ಲ.

ಮೂರು ದಿನ ಆ ಕೆಲಸ ನಡೆಯಿತು. ಹೆಡ್ ಇಳಿಸಿ ನೋಡಿದಾಗ ವಾಲ್ವುಗಳಲ್ಲಿ ಅಂಥದ್ದೇನೂ ಕಾಣಲಿಲ್ಲ. ಆದರೂ ಬಿಚ್ಚಿದ ಮೇಲೆ ಬಿಡಬಾರದು ಅಂತ ಎಲ್ಲ ಉಜ್ಜಿ, ಕೂರಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಬಿಗಿದರು. ಸಣ್ಣ ನಟ್ಟುಗಳು ಆ ದಿನಗಳಲ್ಲಿ ಕೈಯಿಂದ ಜಾರಿ ಬೀಳುತ್ತಿದ್ದವು. ಒಂದನ್ನು ಹುಡುಕಲು ಅರ್ಧ ಗಂಟೆ ನೆಲದ ಮೇಲೆ ತಡಕಾಡಿದರಂತೆ. ಅದು ಅವರ ಅಂಗೈಯಲ್ಲೇ ಇತ್ತು.

ಇದನ್ನೆಲ್ಲ ಅವರು ನನಗೆ ಆಮೇಲೆ ಹೇಳಿದ್ದು, ಬಹಳ ದಿನಗಳ ಮೇಲೆ, ಬಿಟ್ಟು ಬಿಟ್ಟು. ಹೇಳುವಾಗ ಅವರ ದನಿಯಲ್ಲಿ ದುಃಖವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಪಕ್ಕದ ಮನೆಯವರ ಸುದ್ದಿ ಹೇಳುವ ಹಾಗೆ ಹೇಳಿದರು. ಆ ಮೂರು ದಿನ ಏನು ಅನ್ನಿಸುತ್ತಿತ್ತು ಅಂತ ಕೇಳಿದೆ. ಏನೂ ಅನ್ನಿಸುತ್ತಿರಲಿಲ್ಲ, ಅದೇ ಅಲ್ಲವೇ ಅಕ್ಕಾರ, ಅಂದರು.

ಶನಿವಾರ ಹನ್ನೊಂದಕ್ಕೆ ಇಂಜಿನ್ ಚಾಲೂ ಮಾಡಿದರು. ಅದೇ ನಡುಕ. ಅದೇ ಗಡಗಡ.

ಕಮಲಾಕ್ಷಿ ಶನಿವಾರ ಮಾರುತಿಯ ಗುಡಿಗೆ ಹೋಗಿ, ಅಲ್ಲಿಂದ ಗಂಡನಿಗೆ ಬುತ್ತಿ ತೆಗೆದುಕೊಂಡು ಹೋಗುವುದು ರೂಢಿ. ಅವರು ಶೆಡ್ಡಿನ ಬಾಗಿಲಿಗೆ ಬಂದಾಗ ಭೀಮಸೇನರು ಜೀಪಿನ ಬಾನೆಟ್ಟಿನ ಕೆಳಗೆ ಬಗ್ಗಿ ನಿಂತಿದ್ದರು. ಬಲಗೈಯ ತೋರುಬೆರಳು ಎರಡನೆಯ ಕೊಳವೆಯ ಮೇಲಿತ್ತು. ಮುಖ ಎತ್ತಲೋ ಇತ್ತು, ಏನನ್ನೋ ಕೇಳಿಸಿಕೊಳ್ಳುವವರ ಹಾಗೆ. ಬೆರಳು ಅಲ್ಲೇ ಇತ್ತು, ತೆಗೆಯುತ್ತಿಲ್ಲ. ಬೆರಳಿನ ಅಡಿಯಿಂದ ಸಣ್ಣಗೆ ಹೊಗೆ ಏಳುವುದು ಕಮಲಾಕ್ಷಿಗೆ ಕಂಡಿತು. ರೊಟ್ಟಿ ಸೀದ ಹಾಗೆ ಒಂದು ವಾಸನೆ.

"ರೀ, ಕೈ ತೆಗೀರಿ" ಅಂದರು. ಅವರಿಗೆ ಕೇಳಿಸಲಿಲ್ಲ. ಬುತ್ತಿ ಅಲ್ಲೇ ನೆಲಕ್ಕಿಟ್ಟು ಹೋಗಿ ಮೊಣಕೈ ಹಿಡಿದು ಎಳೆದರು.

"ಏನಾತು?" ಅಂದರು ಭೀಮಸೇನರು.

ಬೆರಳಿನ ತುದಿ ಬೆಳ್ಳಗಾಗಿತ್ತು. ಚರ್ಮ ಸ್ವಲ್ಪ ಕೊಳವೆಗೆ ಅಂಟಿಕೊಂಡು ಅಲ್ಲೇ ಉಳಿದಿತ್ತು. ಪಕ್ಕದ ಬೆರಳಿನಲ್ಲಿ ನಾಲ್ಕು ದಿನದ ಹಿಂದಿನ ಗುಳ್ಳೆಯೊಂದು ಒಡೆದು ಗ್ರೀಸಿನಲ್ಲಿ ಕಪ್ಪಾಗಿತ್ತು. ಅವರು ಎರಡನ್ನೂ ನೋಡಿದರು. ತಿರುಗಿಸಿ ತಿರುಗಿಸಿ ನೋಡಿದರು, ಯಾರೋ ರಿಪೇರಿಗೆ ತಂದುಕೊಟ್ಟ ಸಾಮಾನಿನ ಹಾಗೆ.

ಕಮಲಾಕ್ಷಿ ಇಂಜಿನ್ ನಿಲ್ಲಿಸಲು ಲೇತ್ ಅಂಗಡಿಯವನನ್ನು ಕೂಗಿ, ನೀರಿನ ಮಗ್ಗಿನಲ್ಲಿ ಆ ಕೈಯನ್ನು ಮುಳುಗಿಸಿ ಹಿಡಿದು ಕೂತರು. ಉರಿಯುತ್ತಿದೆಯೇ ಅಂತ ಕೇಳಿದರು. ಇಲ್ಲ ಅಂದರು ಭೀಮಸೇನರು. ನೀರು ತಣ್ಣಗಿದೆಯೇ ಅಂತ ಕೇಳಿದರು. ಗೊತ್ತಿಲ್ಲ ಅಂದರು. ಆರು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಅಂತ ಗೊತ್ತಾದಾಗ ಕೊಟ್ಟ ಮಾತ್ರೆಗಳನ್ನು ಅವರು ನೆನಪಾದಾಗ ನುಂಗುತ್ತಿದ್ದರು, ನೆನಪಾಗದಿದ್ದರೆ ಇಲ್ಲ. ಎಸ್ಟೇಟಿನ ಚಹಾ ದಿನಕ್ಕೆ ಏಳೆಂಟು ಕಪ್ಪು ನಡೆದೇ ಇತ್ತು. ಕಮಲಾಕ್ಷಿಗೆ ಆಗ ಚಪ್ಪಲಿ ನೆನಪಾಯಿತಂತೆ. ನಕ್ಕಿದ್ದೂ ನೆನಪಾಯಿತಂತೆ.

ಒಂದು ತಾಸು ಇಬ್ಬರೂ ಹಾಗೇ ಕೂತಿದ್ದರು. ಊಟ ಆಗಲಿಲ್ಲ. ಅಷ್ಟರಲ್ಲಿ ಇಂಜಿನ್ ತಣ್ಣಗಾಯಿತು. ಕಮಲಾಕ್ಷಿ ಸೆರಗಿನ ಅಂಚು ಹರಿದು ಬೆರಳಿಗೆ ಸುತ್ತಿದರು. ಆಮೇಲೆ ಭೀಮಸೇನರು ಅಂದರು:

"ಕಮಲಾ, ನೀ ಮುಟ್ಟು."

"ನಾನಾ? ಮೂವತ್ತು ವರ್ಷ ಒಳಗ ಬರಬ್ಯಾಡ, ಸೀರಿಗೆ ಗ್ರೀಸ್ ಹತ್ತತೈತಿ ಅಂತ ಬಾಗಿಲದಾಗ ನಿಲ್ಲಿಸೀರಿ. ಈಗ ಇಂಜಿನ್ನಿಗೇ ಕೈ ಹಚ್ಚು ಅಂತೀರಲ್ಲ."

"ಹಂಚಿನ ಮ್ಯಾಲಿನ ರೊಟ್ಟಿ ಹೆಂಗ ಹೊಳ್ಳಿಸ್ತಿ, ಹಂಗ. ಇಡಬ್ಯಾಡ, ತಾಕಿಸು ಅಷ್ಟ."

ಜೋಳದ ರೊಟ್ಟಿ ಬಡಿಯುವವರ ಬೆರಳು ಬೇರೆಯೇ. ಕಾದ ಹಂಚಿನ ಮೇಲೆ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕುವಾಗ, ಎಷ್ಟು ಹೊತ್ತು ಮುಟ್ಟಬೇಕು ಅನ್ನುವುದು ಆ ಬೆರಳಿಗೇ ಗೊತ್ತಿರುತ್ತದೆ. ಇಂಜಿನ್ ಮತ್ತೆ ಚಾಲೂ ಆಯಿತು. ಕಮಲಾಕ್ಷಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆರಳು ನೀರಿನಲ್ಲಿ ಅದ್ದಿ, ಮೊದಲನೆಯದನ್ನು ತಾಕಿಸಿದರು. ಚುರ್ ಅಂದಿತು. ಎರಡನೆಯದೂ ಚುರ್ ಅಂದಿತು. ಭೀಮಸೇನರು ಅದನ್ನು ಇನ್ನೊಮ್ಮೆ ಮುಟ್ಟಿಸಿದರು.

"ಸುಡಾಕತ್ತೈತಿ ಅಂದ್ನೆಲ್ಲ. ನನ್ನ ಬೆರಳೂ ಸುಡಬೇಕೇನು?"

ಮೂರನೆಯದೂ ಸುಡುತ್ತಿತ್ತು. ನಾಲ್ಕನೆಯದನ್ನು ಮುಟ್ಟಿದಾಗ ಅವರ ಬೆರಳು ಹಿಂದಕ್ಕೆ ಬರಲಿಲ್ಲ. ಅಲ್ಲೇ ಇಟ್ಟುಕೊಂಡು ಗಂಡನ ಮುಖ ನೋಡಿದರು.

"ಇದು ಉಗುರುಬೆಚ್ಚಗೈತಿ. ಕೂಸಿನ ಮೈಗೆ ಹಾಕೋ ನೀರಿನಷ್ಟು."

ಭೀಮಸೇನರು ನಾಲ್ಕನೆಯ ಸಿಲಿಂಡರಿನ ವೈರನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರು. ಮೇಲಿನಿಂದ ಚೆನ್ನಾಗಿಯೇ ಇತ್ತು. ಅದನ್ನು ಹಿಡಿದುಕೊಳ್ಳುವ ಕಬ್ಬಿಣದ ಕ್ಲಿಪ್ಪಿನ ಕೆಳಗೆ ಮಾತ್ರ ರಬ್ಬರ್ ತಿಕ್ಕಿ ತಿಕ್ಕಿ ಸವೆದಿತ್ತು. ಕೊರಕಲಿನ ಕುಲುಕಾಟದಲ್ಲಿ ಸವೆದದ್ದು. ಹಳ್ಳದ ನೀರು ತಾಗಿದ ಮೇಲೆ ಕಿಡಿ ಪ್ಲಗ್ಗಿಗೆ ಹೋಗುವ ಬದಲು ಅಲ್ಲೇ ಕಬ್ಬಿಣಕ್ಕೆ ಹಾರುತ್ತಿತ್ತು. ಹೊಸ ವೈರು ಹಾಕಲು ಹತ್ತು ನಿಮಿಷ ಹಿಡಿಯಿತು. ಇಂಜಿನ್ನಿನ ನಡುಕ ನಿಂತಿತು. ಅದು ಒಂದೇ ಸಮನೆ ಓಡುವುದನ್ನು ಇಬ್ಬರೂ ನಿಂತು ಕೇಳಿದರು. ಹೆಡ್ ಬಿಚ್ಚಿದ ಮೂರು ದಿನದ ಕೆಲಸ ಯಾವುದಕ್ಕೂ ಬೇಕಾಗಿರಲಿಲ್ಲ.

ವಿಂಧ್ಯಾ ಐದಕ್ಕೆ ಬರುವವಳಿದ್ದಳು. ಕಮಲಾಕ್ಷಿ ಮನೆಗೆ ಹೋಗಲಿಲ್ಲ. ಆ ಹುಡುಗಿಗೆ ಏನು ಹೇಳುತ್ತೀರಿ ಅಂತ ಕೇಳಿದರು. ವಾಲ್ವೂ ಸ್ವಲ್ಪ ಸವೆದಿತ್ತು, ವೈರೂ ಹೋಗಿತ್ತು ಅಂತ ಹೇಳಿದರಾಯಿತು, ಅಂದರು ಭೀಮಸೇನರು. ಅವಳಿಗೆ ತಿಳಿಯುವುದಿಲ್ಲ. ತಿಳಿದರೆ ಅವಳ ಗುಂಪಿಗೆ ತಿಳಿಯುತ್ತದೆ, ಗುಂಪಿಗೆ ತಿಳಿದರೆ ಎಸ್ಟೇಟಿಗೆ ತಿಳಿಯುತ್ತದೆ. ಬೆರಳು ಸತ್ತ ಮೆಕ್ಯಾನಿಕ್ಕಿನ ಹತ್ತಿರ ಯಾರು ಗಾಡಿ ಬಿಡುತ್ತಾರೆ? ಬೇರೆ ಕೆಲಸ ಅವರಿಗೆ ಗೊತ್ತಿಲ್ಲ. ಇಷ್ಟನ್ನೂ ಅವರು ದನಿ ಏರಿಸದೆ ಹೇಳಿದರಂತೆ. ಕಮಲಾಕ್ಷಿ ಗುಡಿಯಿಂದ ತಂದ ಪ್ರಸಾದದ ಪೊಟ್ಟಣ ಬಿಚ್ಚಿ ಅವರ ಎಡಗೈಗೆ ಹಾಕಿದರು. ಅದನ್ನು ಬಾಯಿಗೆ ಹಾಕಿಕೊಳ್ಳದೆ ಅವರು ಬಹಳ ಹೊತ್ತು ಹಿಡಿದುಕೊಂಡೇ ಇದ್ದರು.

ವಿಂಧ್ಯಾ ಬಂದು, ಚಾಲೂ ಮಾಡಿ, ಎಸ್ಟೇಟಿನ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದಳು. ಸೂಪರ್ ಕಾಕಾ, ಬೆಣ್ಣೆ ಥರ ಓಡ್ತಿದೆ ಅಂದಳು. ಏನಾಗಿತ್ತು ಅಂತ ಕೇಳಿದಳು. ಭೀಮಸೇನರು ವಾಲ್ವು ಅಂತ ಶುರುಮಾಡಿದರು. ಆ ಒಂದು ಶಬ್ದ ಆದ ಮೇಲೆ ನಿಲ್ಲಿಸಿದರು.

"ವಾಲ್ವಿಗೆ ಏನೂ ಆಗಿರಲಿಲ್ಲವ್ವಾ. ವೈರ್ ಒಂದ ಹೋಗಿತ್ತು. ನಾ ಎರಡನೇದು ಅಂದೆ, ಅದು ನಾಲ್ಕನೇದಾಗಿತ್ತು. ನನ್ನ ಬೆರಳಿಗೆ ಬಿಸಿ ತಿಳಿಯಂಗಿಲ್ಲ ಈಗ."

ಅವಳು ಬಟ್ಟೆ ಸುತ್ತಿದ ಬೆರಳು ನೋಡಿದಳು.

"ಹಂಗಾದ್ರೆ ಹೆಡ್ ಬಿಚ್ಚೋದು ಬೇಕಿರಲಿಲ್ವಾ?"

"ಬೇಕಿರಲಿಲ್ಲ."

"ಇಂಜಿನ್ ಓಡ್ತಿರುವಾಗ ವೈರ್ ಒಂದೊಂದೇ ಕಿತ್ತು, ಯಾವುದಕ್ಕೆ ಸದ್ದು ಬದಲಾಗಲ್ಲ ಅಂತ ನೋಡಿದ್ರೆ ಗೊತ್ತಾಗ್ತಿತ್ತಲ್ಲ ಕಾಕಾ. ನನಗೂ ಗೊತ್ತು ಅದು."

"ಗೊತ್ತಾಗ್ತಿತ್ತು. ಬೆರಳು ಹೇಳಿದ ಮ್ಯಾಲೆ ಮತ್ತೊಮ್ಮೆ ಕೇಳೋ ರೂಢಿ ಇಲ್ಲ ನನಗ."

ಅವಳಿಗೆ ಸಿಟ್ಟು ಬಂದಿತ್ತೋ ಇಲ್ಲವೋ ಕಮಲಾಕ್ಷಿಗೂ ಗೊತ್ತಾಗಲಿಲ್ಲ. ಹೆಡ್ಡಿನ ಬೋಲ್ಟುಗಳನ್ನು ಬಿಗಿದದ್ದಾದರೂ ಸರಿ ಇದೆಯೇ ಅಂತ ಕೇಳಿದಳು. ಅದು ಬಿಗಿ ಅಳೆದು ತೋರಿಸುವ ಪಾನಾದಿಂದ ಬಿಗಿದದ್ದು, ಕೈಯಂದಾಜಿನದಲ್ಲ, ಆದರೂ ನಾಳೆ ಹೊರಡುವ ಮುಂಚೆ ಬೇರೆ ಯಾರಿಂದಲಾದರೂ ಒಮ್ಮೆ ನೋಡಿಸು ಅಂದರು ಭೀಮಸೇನರು. ಅವಳು ಹೂಂ ಅಂದು ಜೀಪು ತೆಗೆದುಕೊಂಡು ಹೋದಳು. ಭಾನುವಾರ ಕೊರಕಲಿನಲ್ಲಿ ಜೀಪಿಗೆ ಏನೂ ಆಗಲಿಲ್ಲ ಅಂತ ಆಮೇಲೆ ತಿಳಿಯಿತು. ಅವಳು ಬಂದು ಹೇಳಿದ್ದಲ್ಲ.

ಸೋಮವಾರ ಕಮಲಾಕ್ಷಿ ಗಂಡನನ್ನು ಗೋರ್ವಾದ ಡಾಕ್ಟರರ ಬಳಿ ಕರೆದುಕೊಂಡು ಹೋದರು. ಭಾಷೆಗೆ ಜೊತೆ ಬೇಕು ಅಂತ ಅಲ್ಲ, ಸುಮ್ಮನೆ ಜೊತೆಗಿರಲಿ ಅಂತ ನನ್ನನ್ನೂ ಕರೆದರು. ಡಾಕ್ಟರರು ಅವರನ್ನು ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ಒಂದು ತೆಳ್ಳನೆಯ ನೈಲಾನ್ ದಾರದ ತುದಿಯಿಂದ ಕಾಲಿನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದರು. ಮುಟ್ಟಿದಾಗ ಹೇಳಿ ಅಂದಿದ್ದರು. ಹೆಬ್ಬೆರಳು ಮುಟ್ಟಿದರು. ಪಕ್ಕದ್ದು ಮುಟ್ಟಿದರು. ಮೂರನೆಯದು ಮುಟ್ಟಿದರು. ಅಂಗಾಲಿನಲ್ಲಿ ನಾಲ್ಕು ಕಡೆ ಮುಟ್ಟಿದರು. ಭೀಮಸೇನರು ಕಣ್ಣು ಮುಚ್ಚಿಕೊಂಡು, ಇನ್ನೂ ಶುರುವಾಗಿಲ್ಲ ಅಂದುಕೊಂಡು ಕಾಯುತ್ತಿದ್ದರು. ಕಮಲಾಕ್ಷಿ ಗೋಡೆಯ ಕಡೆ ತಿರುಗಿ ನಿಂತರು. ನಾನು ಮನಸ್ಸಿನಲ್ಲೇ ದೇವರ ನಾಮ ಹೇಳಿಕೊಳ್ಳುತ್ತಿದ್ದೆ. ಕೈಯ ಬೆರಳುಗಳಲ್ಲಿ ಎಡಗೈಯ ಎರಡರಲ್ಲಿ ಮಾತ್ರ ಹೂಂ ಅಂದರು.

ಸಕ್ಕರೆಯಿಂದ ನರಗಳು ಸೊರಗಿವೆ, ಹೋದ ಸ್ಪರ್ಶದ ಅರಿವು ಪೂರ್ತಿಯಾಗಿ ಮರಳುವುದು ಕಷ್ಟ, ಉಳಿದದ್ದನ್ನು ಉಳಿಸಿಕೊಳ್ಳಬಹುದು, ಸಕ್ಕರೆ ಹತೋಟಿಯಲ್ಲಿಡಿ, ಬರಿಗಾಲಲ್ಲಿ ನಡೆಯಬೇಡಿ, ಬಿಸಿ ಏನನ್ನೂ ಮುಟ್ಟಬೇಡಿ ಅಂದರು ಡಾಕ್ಟರರು. ಭೀಮಸೇನರು ಎಲ್ಲಕ್ಕೂ ತಲೆಯಾಡಿಸಿದರು. ಹೊರಗೆ ಬಂದ ಮೇಲೆ, ಆ ದಾರದ ವಿದ್ಯೆ ಒಳ್ಳೆಯದು, ಒಂದನ್ನೂ ಬಿಡದೆ ಎಲ್ಲ ಬೆರಳನ್ನೂ ಮುಟ್ಟಿ ನೋಡುತ್ತಾರೆ ಅಂದರು. ಅಷ್ಟೇ.

ಡಿಸೆಂಬರಿನಲ್ಲಿ ವಿಂಧ್ಯಾಳ ಗುಂಪಿನ ಗಾಡಿಗಳು ಬರಲಿಲ್ಲ. ಅವಳು ಹೇಳಿಯೇ ಇರಬೇಕು. ಹೇಳಿದ್ದರೆ ತಪ್ಪೂ ಅಲ್ಲ, ಕೊರಕಲಿಗೆ ಇಳಿಯುವವರ ಜೀವದ ಪ್ರಶ್ನೆ. ಭೀಮಸೇನರು ದಿನವೂ ಎಂಟಕ್ಕೆ ಹೋಗಿ ಶೆಡ್ಡು ತೆರೆದು, ಪಾನಾಗಳನ್ನು ಒರೆಸಿ ಸಾಲಾಗಿಟ್ಟು ಕೂರುತ್ತಿದ್ದರು. ಕಮಲಾಕ್ಷಿ ಮನೆಕೆಲಸ ಮುಗಿಸಿ ಹನ್ನೊಂದಕ್ಕೆ ಹೋಗಿ ಜೊತೆಗೆ ಕೂರುತ್ತಿದ್ದರು. ಯಾರೂ ಹಾಗೆ ಮಾಡು ಅಂತ ಹೇಳಿರಲಿಲ್ಲ. ಲೇತ್ ಅಂಗಡಿಯವನು, ಬೆನ್, ಅಂದರೆ ಅಕ್ಕ, ಈಗ ಗ್ಯಾರೇಜಿನ ಮ್ಯಾನೇಜರೋ ಅಂತ ಹಾಸ್ಯ ಮಾಡಿದನಂತೆ. ಮ್ಯಾನೇಜರಿಗೆ ಮೊದಲು ಒಂದು ಕುರ್ಚಿ ಕೊಡು ಅಂತ ಕಮಲಾಕ್ಷಿ ತಿರುಗಿಸಿ ಹೇಳಿದರಂತೆ. ಅವನು ನಿಜವಾಗಿಯೂ ಒಂದು ಕುರ್ಚಿ ತಂದುಕೊಟ್ಟ.

ಜನವರಿಯ ಒಂದು ಬೆಳಿಗ್ಗೆ, ಒಂಬತ್ತರ ಹೊತ್ತಿಗೆ, ಗುರುತಿಲ್ಲದ ಒಬ್ಬ ಗುಜರಾತಿ ಗೃಹಸ್ಥರು ಹಳೆಯ ಜೀಪೊಂದನ್ನು ತಂದರು. ಹೆಸರು ಅಮೃತ್‌ಭಾಯಿ ಅಂದರು. ತೋಟಕ್ಕೆ ಓಡಾಡುವ ಗಾಡಿ, ಮಿಸ್ಸಿಂಗ್ ಹೊಡೆಯುತ್ತಿದೆ, ಬೆರಳಿಟ್ಟು ಹೇಳುವ ಮಿಸ್ತ್ರಿ ಇಲ್ಲೊಬ್ಬರಿದ್ದಾರೆ ಅಂತ ಕೇಳಿ ಬಂದೆ ಅಂದರು. ಹಳೆಯ ಸುದ್ದಿ ಮಾತ್ರ ಅವರಿಗೆ ತಲುಪಿತ್ತು.

ಭೀಮಸೇನರು ಬಾನೆಟ್ ಎತ್ತಿದರು. ವೈರುಗಳನ್ನು ಒಂದೊಂದಾಗಿ ಕಿತ್ತು ನೋಡುವ ದಾರಿ ಅವರಿಗೆ ಗೊತ್ತೇ ಇತ್ತು. ಆದರೆ ಆ ಜೀಪಿನ ವೈರುಗಳ ತುದಿಯ ರಬ್ಬರ್ ಟೋಪಿಗಳೆಲ್ಲ ಹಳತಾಗಿ ಬಿರಿದಿದ್ದವು. ಕಿತ್ತರೆ ಕೈಯಲ್ಲೇ ಮುರಿಯುವ ಹಾಗಿದ್ದವು. ಎಷ್ಟು ಬಲ ಹಾಕುತ್ತಿದ್ದೇನೆ ಅಂತ ತಿಳಿಯದ ಕೈಯಿಂದ ಅದನ್ನು ಮಾಡುವಂತಿರಲಿಲ್ಲ. ಬಾನೆಟ್ಟನ್ನು ಹಾಗೇ ಬಿಟ್ಟು ಅವರು ಹಿಂದೆ ಸರಿದು ನಿಂತರು. ಆಮೇಲೆ ಗುಜರಾತಿಯಲ್ಲಿ ಹೇಳಿದರು: ನನ್ನ ಬೆರಳಿಗೆ ಈಗ ಬಿಸಿ ತಿಳಿಯುವುದಿಲ್ಲ, ಕಾಯಿಲೆ ಇದೆ. ನನ್ನ ಹೆಂಡತಿ ಹನ್ನೊಂದಕ್ಕೆ ಬರುತ್ತಾಳೆ. ಅವಳು ಮುಟ್ಟಿ ಹೇಳುತ್ತಾಳೆ, ರಿಪೇರಿ ನಾನು ಮಾಡುತ್ತೇನೆ. ಅಷ್ಟು ಹೊತ್ತು ಕಾಯಲು ಆಗದಿದ್ದರೆ ಮುಂದಿನ ತಿರುವಿನಲ್ಲಿ ಯಂತ್ರ ಹಚ್ಚಿ ನೋಡುವವರಿದ್ದಾರೆ, ಅಲ್ಲಿಗೆ ಹೋಗಿ.

ಅಮೃತ್‌ಭಾಯಿ ಅವರ ಮುಖ ನೋಡಿದರು, ಕೈ ನೋಡಿದರು, ಗಡಿಯಾರ ನೋಡಿದರು. ಆಮೇಲೆ ರಸ್ತೆ ದಾಟಿ ಚಹಾದ ಅಂಗಡಿಯ ಕಡೆ ನಡೆದರು. ಅವರು ಜೀಪಿನ ಕೀಲಿ ತೆಗೆದುಕೊಂಡು ಹೋಗಿರಲಿಲ್ಲ. ಭೀಮಸೇನರು ಅದು ನೇತಾಡುವುದನ್ನು ನೋಡುತ್ತ ಹನ್ನೊಂದಾಗುವವರೆಗೆ ಅಲ್ಲೇ ನಿಂತಿದ್ದರು.